ಗುಡ್ ಫ್ರೈಡೇ ದಿನದ ತಟ್ಟೆ

ವಿಲ್ಗಾರಾ ಪೊಲೀಸ್ ಠಾಣೆಗೂ ನೋಲಾ ಹೆಗಾರ್ಟಿಯ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಬಾಗಿಲಿನ ಆಚೆ ಅವಳ ಗಂಡ ಕ್ಲ್ಯಾರಿ, ಠಾಣೆಯ ಸಾರ್ಜೆಂಟ್. ಈಚೆ ನೋಲಾ, ಸಂಬಳವಿಲ್ಲದ ಸಾರ್ಜೆಂಟ್. ಗಂಡ ಕುರಿಕಳ್ಳರ ಹಿಂದೆ ಹೋದಾಗ ಠಾಣೆಯ ಫೋನ್ ಎತ್ತುತ್ತಿದ್ದವಳು ಅವಳು. ಹೆಂಗಸರನ್ನು ಹಿಡಿದು ತಂದರೆ ಅವರ ಜೇಬು ತಡಕುತ್ತಿದ್ದವಳು ಅವಳು. ಲಾಕಪ್ಪಿನಲ್ಲಿದ್ದವರಿಗೆ ಮೂರು ಹೊತ್ತು ಬೇಯಿಸಿ ಹಾಕುತ್ತಿದ್ದವಳೂ ಅವಳೇ. ನ್ಯೂ ಸೌತ್ ವೇಲ್ಸಿನ ಒಳನಾಡಿನ ಠಾಣೆಗಳೆಲ್ಲ ಆಗ ಹೀಗೆಯೇ ನಡೆಯುತ್ತಿದ್ದವು. ಹುದ್ದೆ ಗಂಡನದು, ದುಡಿತ ಇಬ್ಬರದು. ಇದನ್ನು ಯಾರೂ ಅನ್ಯಾಯವೆಂದು ಕರೆಯುತ್ತಿರಲಿಲ್ಲ, ನೋಲಾ ಕೂಡ ಕರೆದವಳಲ್ಲ.

ಅವಳ ಕುರಿ ಚಾಪ್ಸ್‌ಗೆ ಜಿಲ್ಲೆಯಲ್ಲಿ ಹೆಸರಿತ್ತು. ಬೇಸಿಗೆಯ ಶನಿವಾರ ಕುಡಿದು ಗಲಾಟೆ ಮಾಡಿದ ಕುರುಬರು ಸೋಮವಾರ ಬಿಡುಗಡೆಯಾಗುವಾಗ, "ಮಿಸೆಸ್ ಎಚ್, ಇನ್ನೊಂದಿನ ಒಳಗೆ ಹಾಕೋಕೆ ಹೇಳ್ರೀ ನಿಮ್ಮೆಜಮಾನ್ರಿಗೆ" ಎನ್ನುತ್ತಿದ್ದರು. ಅವಳು ಪೊರಕೆ ತೋರಿಸಿ ಓಡಿಸುತ್ತಿದ್ದಳು. ಆದರೆ ಅವಳ ಒಂದು ಕಟ್ಟುನಿಟ್ಟಿನ ಬಗ್ಗೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ತಟ್ಟೆ ಕೊಟ್ಟವಳು ಕೈದಿ ಉಂಡು ಮುಗಿಸುವವರೆಗೆ ಕಂಬಿಯ ಮುಂದೆ ನಿಂತೇ ಇರುತ್ತಿದ್ದಳು. ಚಾಕು, ಮುಳ್ಳುಚಮಚ, ಎರಡೂ ವಾಪಸು ಕೈಗೆ ಬಂದ ಮೇಲೆಯೇ ಹೊರಡುವುದು. ಹಿಂದೊಮ್ಮೆ ಬೇರೆ ಊರಿನ ಠಾಣೆಯಲ್ಲಿ ಒಬ್ಬ ಮುಳ್ಳುಚಮಚದಿಂದ ಕೈ ಚುಚ್ಚಿಕೊಂಡಿದ್ದ. ಅಂದಿನಿಂದ ಅದು ಅವಳ ನಿಯಮ.

ಇಷ್ಟು ನಿಯತ್ತಿನ ಹೆಂಗಸಿಗೂ ಒಂದು ಹೆಮ್ಮೆ ಇತ್ತು. ಸಿಡ್ನಿಯಿಂದ ದೊಡ್ಡ ಕೇಸುಗಳಿಗೆ ಬರುತ್ತಿದ್ದ ಡಿಟೆಕ್ಟಿವ್ ಸಾರ್ಜೆಂಟ್ ಬ್ರೂಸ್ ಟೆನಾಂಟ್, ಆರೋಪಿಗಳ ಹೇಳಿಕೆಯನ್ನು ಪ್ರಶ್ನೆ-ಉತ್ತರವಾಗಿ ಟೈಪ್ ಮಾಡಿಸುತ್ತಿದ್ದ. ಕೊನೆಯಲ್ಲಿ ತಪ್ಪದೆ ಒಂದು ಪ್ರಶ್ನೆ: 'ನಿನಗೆ ಊಟ ಕೊಟ್ಟಿದ್ದಾರೆಯೆ?' ಆರೋಪಿಯನ್ನು ಹಸಿವಿನಲ್ಲಿ ಕೆಡವಿ ಬಾಯಿ ಬಿಡಿಸಿಲ್ಲವೆಂದು ನ್ಯಾಯಾಧೀಶರಿಗೆ ತೋರಿಸಬೇಕಲ್ಲ. ಆರು ವರ್ಷದ ಹಿಂದೆ ನೆವ್ ಪಾರ್ಟ್ರಿಡ್ಜ್ ಎಂಬ ಲಾರಿ ಡ್ರೈವರನ ಬ್ಯಾಂಕ್ ದರೋಡೆ ಕೇಸಿನಲ್ಲಿ ಈ ಪ್ರಶ್ನೆಗೆ ಬಂದಿದ್ದ ಉತ್ತರ ಇದು: 'ಕೊಟ್ಟಿದ್ದಾರೆ. ಮಿಸೆಸ್ ಹೆಗಾರ್ಟಿಯವರ ಚಾಪ್ಸ್ ತಿಂದು ನನ್ನ ತಾಯಿಯ ಕೈಯಡುಗೆ ನೆನಪಾಯಿತು.' ಕೋರ್ಟಿನಲ್ಲಿ ಇದನ್ನು ಓದಿದಾಗ ನೋಲಾಳ ಕಣ್ಣು ಒದ್ದೆಯಾಗಿತ್ತು. ತಂಗಿಗೆ ಕಾಗದ ಬರೆದು ತಿಳಿಸಿದ್ದಳು. ನೆವ್‌ಗೆ ಹದಿನೈದು ವರ್ಷ ಜೈಲಾಯಿತು. ಮೂರನೇ ವರ್ಷ ಜೈಲಿನಲ್ಲೇ ಸತ್ತ.

೧೯೭೮ರ ಫೆಬ್ರವರಿಯಲ್ಲಿ ವಿಲ್ಗಾರಾದಿಂದ ಹನ್ನೆರಡು ಮೈಲಿ ದೂರದ ಕುರಿ ಫಾರಮ್ಮಿನ ಕೆರೆಯಲ್ಲಿ ಡಗ್ ಲ್ಯಾಟಿಮರನ ಹೆಣ ತೇಲಿತು. ತಲೆಯಲ್ಲಿ ಎರಡು ಗುಂಡು. ಲ್ಯಾಟಿಮರ್ ಸಿಡ್ನಿಯಲ್ಲಿ ಕುದುರೆ ಬಾಜಿ ಮತ್ತು ಜೂಜಿನ ಮನೆಗಳನ್ನು ನಡೆಸುತ್ತಿದ್ದವನು. ಅಂಥ ಮನೆಗಳ ಬಾಗಿಲು ಯಾರ ಕಣ್ಸನ್ನೆಯಿಂದ ತೆರೆದಿರುತ್ತದೆಂಬುದು ಹಾಲು ಹಾಕುವವನಿಗೂ ಗೊತ್ತಿದ್ದ ವಿಷಯ. ಈ ಲ್ಯಾಟಿಮರ್, ತನ್ನಿಂದ ಕೈ ಬೆಚ್ಚಗೆ ಮಾಡಿಕೊಂಡ ಪೊಲೀಸರ ಹೆಸರನ್ನು ಹೇಳುತ್ತೇನೆಂದು ಒಬ್ಬ ಪತ್ರಕರ್ತನಿಗೆ ಮಾತು ಕೊಟ್ಟಿದ್ದನಂತೆ. ಹೇಳುವ ಮೊದಲೇ ಕೆರೆ ಸೇರಿದ. ಪತ್ರಿಕೆಗಳು ಬೊಬ್ಬೆ ಹೊಡೆದವು, ಮಂತ್ರಿಗಳು ಗದರಿದರು, ಟೆನಾಂಟ್ ತನಿಖೆಗೆ ಬಂದ. ಬೇಲಿಯೇ ಹೊಲದ ಲೆಕ್ಕ ಕೇಳಲು ಬಂದಂತಾಯಿತು ಎಂದು ನಮ್ಮೂರಿನಲ್ಲಿ ಪಿಸುಮಾತಿತ್ತು. ಪಿಸುಮಾತಿಗಿಂತ ಮೇಲೆ ದನಿ ಎತ್ತುವ ಎದೆ ಯಾರಿಗೂ ಇರಲಿಲ್ಲ.

ಒಂದು ತಿಂಗಳ ಮೇಲೆ ಕೆವ್ ಟ್ರೆಲೋರ್ ಸಿಕ್ಕಿಬಿದ್ದ. ಮೂವತ್ತರ ಹರೆಯದವನು, ಕುರಿಗಳ ಉಣ್ಣೆ ಕತ್ತರಿಸುವ ಕೆಲಸ, ಬಾಯಿ ದೊಡ್ಡದು, ಕೈ ಸ್ವಲ್ಪ ಉದ್ದ. ಲ್ಯಾಟಿಮರನ ಕಾರಿನ ಟೈರುಗಳನ್ನು ಮಾರುತ್ತಿದ್ದ. "ಕಾರು ಮೂರು ದಿನದಿಂದ ರಸ್ತೆ ಪಕ್ಕ ಅನಾಥವಾಗಿ ನಿಂತಿತ್ತು, ಟೈರು ಬಿಚ್ಕೊಂಡೆ. ಅದರ ಯಜಮಾನ ಯಾರು ಅಂತಾನೂ ಗೊತ್ತಿಲ್ಲ" ಎಂದ. ಗುಡ್ ಫ್ರೈಡೇ ದಿನ ಬೆಳಿಗ್ಗೆ ಟೆನಾಂಟ್ ಮತ್ತು ಅವನ ಕಿರಿಯ ಸಹಾಯಕ ಪೈಕ್ ಅವನನ್ನು ತಂದು ಲಾಕಪ್ಪಿಗೆ ತಳ್ಳಿದರು. ಅಂದು ಪಬ್ಬುಗಳೆಲ್ಲ ಮುಚ್ಚಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಯಾವುದೋ ಜಮೀನ್ದಾರನ ಮನೆಗೆ ಬಿಯರ್ ಕುಡಿಯಲು ಹೊರಟರು. ಅವರ ಕಾರು ಮತ್ತೆ ಠಾಣೆಗೆ ಬಂದದ್ದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಅಂಗಳ ಗುಡಿಸುತ್ತಿದ್ದ ನೋಲಾ ಅದನ್ನು ಕಣ್ಣಾರೆ ನೋಡಿದಳು.

ಗುಡ್ ಫ್ರೈಡೇ ಸಂಜೆ ಆರು ಗಂಟೆಗೆ ಅವಳು ಕೆವ್‌ಗೆ ತಟ್ಟೆ ಒಯ್ದಿದ್ದಳು. ನೋಲಾ ಕ್ಯಾಥೊಲಿಕ್, ಅವಳ ಅಜ್ಜಿಯೂ ಕ್ಯಾಥೊಲಿಕ್. ಯೇಸು ಶಿಲುಬೆಗೇರಿದ ಆ ದಿನ ಅವಳ ಅಡುಗೆಮನೆಗೆ ಮಾಂಸ ಬರುವ ಮಾತೇ ಇಲ್ಲ, ಮೀನಿಗೆ ಮಾತ್ರ ಅಡ್ಡಿಯಿಲ್ಲ. ಡಬ್ಬಿಯ ಸಾಲ್ಮನ್ ಮೀನಿಗೆ ಆಲೂಗಡ್ಡೆ ಕಲಸಿ ಮಾಡಿದ ಕಟ್ಲೆಟ್, ಮೇಲೆ ಬಿಳಿ ಸಾಸು.

ಕೆವ್ ತಟ್ಟೆ ನೋಡಿ ಮುಖ ಕಿವುಚಿದ. "ಇದೇನು ಮಿಸೆಸ್ ಎಚ್? ನಿಮ್ಮ ಚಾಪ್ಸ್ ತಿನ್ಬೋದು ಅಂತ ಸ್ವಲ್ಪ ಸಮಾಧಾನ ಮಾಡ್ಕೊಂಡಿದ್ದೆ."

"ಇವತ್ತು ಏನು ದಿನ ಅಂತ ಗೊತ್ತಿಲ್ವೇನೋ?"

"ನಾನು ಮೆಥಡಿಸ್ಟ್ ಕಣ್ರೀ. ನಿಮ್ಮ ಪೋಪ್ ಹಾಕಿದ ಉಪವಾಸ ನನಗ್ಯಾಕೆ?"

"ಕದ್ದ ಟೈರಿಗೆ ಇದು ಪ್ರಾಯಶ್ಚಿತ್ತ ಅನ್ಕೊ. ಬಾಯಿ ಮುಚ್ಕೊಂಡು ತಿನ್ನು."

ಅವನು ನಕ್ಕ. ಆಮೇಲೆ ಕಂಬಿಯ ಹತ್ತಿರ ಸರಿದ. "ಮಿಸೆಸ್ ಎಚ್, ಇವ್ರು ನನ್ನನ್ನ ಇನ್ನೂ ಏನೂ ಕೇಳೇ ಇಲ್ಲ. ಒಂದು ಮಾತೂ ಇಲ್ಲ. ಹೊಡೆದಿದ್ರೆ ಇಷ್ಟು ಹೆದರಿಕೆ ಆಗ್ತಿರ್ಲಿಲ್ಲ" ಎಂದ. ಅವನು ಉಂಡು ಮುಗಿಸುವವರೆಗೆ ನೋಲಾ ಅಲ್ಲೇ ನಿಂತಳು. ಚಾಕು, ಮುಳ್ಳುಚಮಚ ಎಣಿಸಿ ತೆಗೆದುಕೊಂಡು ಅರ್ಧ ಗಂಟೆಯ ಮೇಲೆ ಒಳಗೆ ಬಂದಳು. ಏಳಕ್ಕೆ ಟೀ ಕೊಟ್ಟಳು, ಎಂಟಕ್ಕೆ ಕಂಬಳಿ. ಅಷ್ಟು ಹೊತ್ತೂ ಠಾಣೆಯಲ್ಲಿ ಕ್ಲ್ಯಾರಿಯ ಹೊರತು ನರಪಿಳ್ಳೆಯೂ ಇರಲಿಲ್ಲ.

ಮೇ ತಿಂಗಳಲ್ಲಿ ಠಾಣೆಯ ಪಕ್ಕದ ಕೋರ್ಟಿನಲ್ಲಿ ಮೊದಲ ವಿಚಾರಣೆ. ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರಿಗೆ ಟೀ ಒಯ್ಯುವುದೂ ನೋಲಾಳ ಕೆಲಸ. ಅವಳು ಪಕ್ಕದ ಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಪೈಕ್ ಹೇಳಿಕೆ ಓದುತ್ತಿದ್ದ. ಗುಡ್ ಫ್ರೈಡೇ ದಿನ ಸಂಜೆ ಆರರಿಂದ ಏಳೂವರೆಯವರೆಗೆ ವಿಲ್ಗಾರಾ ಠಾಣೆಯಲ್ಲಿ ಆರೋಪಿ ಕೊಟ್ಟ ಹೇಳಿಕೆಯಂತೆ. ಕಾರನ್ನು ಕೈಯಡ್ಡ ಹಿಡಿದು ನಿಲ್ಲಿಸಿದೆ, ಹಣಕ್ಕಾಗಿ ಎರಡು ಸಲ ಗುಂಡು ಹಾರಿಸಿದೆ, ಹೆಣವನ್ನು ಕೆರೆಗೆ ಎಳೆದು ಹಾಕಿದೆ, ಬಂದೂಕನ್ನು ನದಿಗೆ ಎಸೆದೆ. ಆಮೇಲೆ ಕೊನೆಯ ಪ್ರಶ್ನೆ. 'ನಿನಗೆ ಊಟ ಕೊಟ್ಟಿದ್ದಾರೆಯೆ?' 'ಕೊಟ್ಟಿದ್ದಾರೆ. ಚಾಪ್ಸ್, ಆಲೂಗಡ್ಡೆ, ಬಟಾಣಿ. ತುಂಬ ಚೆನ್ನಾಗಿತ್ತು, ಸಾರ್ಜೆಂಟರ ಹೆಂಡತಿಗೆ ತಿಳಿಸಿ.' ಆರೋಪಿ ಹೇಳಿಕೆಯನ್ನು ಓದಿ ಒಪ್ಪಿದ, ಆದರೆ ಸಹಿ ಹಾಕಲು ಇಷ್ಟಪಡಲಿಲ್ಲ ಎಂದು ಪೈಕ್ ಮುಗಿಸಿದ.

"ಅದು ಸುಳ್ಳು, ನಾನು ಒಂದು ಮಾತೂ ಹೇಳಿಲ್ಲ" ಎಂದು ಕೆವ್ ಎದ್ದು ನಿಂತ. ಅವನನ್ನು ಕೂರಿಸಿದರು. ಬಾಯಿಗೆ ಬಾರದ ಮಾತನ್ನು ಬಾಯಿಗೆ ತುರುಕುವುದು ಆ ಕಾಲದ ಡಿಟೆಕ್ಟಿವರಿಗೆ ನೀರು ಕುಡಿದಷ್ಟು ಸಲೀಸು. ಕಳ್ಳರು ಹಾಗೆಂದು ಕೂಗುತ್ತಿದ್ದರು, ಕಳ್ಳರ ಮಾತನ್ನು ಯಾರು ನಂಬುತ್ತಾರೆ?

ನೋಲಾ ಟೀ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ಕ್ಲ್ಯಾರಿ ಕಟಕಟೆ ಹತ್ತಿ, ತನ್ನ ನೋಟ್‌ಬುಕ್ ತೆರೆದು, ಕತ್ತು ಬಗ್ಗಿಸಿ ಓದಿದ: "ಸಂಜೆ ಆರೂ ಹತ್ತಕ್ಕೆ ನಾನು ಆರೋಪಿಗೆ ಚಾಪ್ಸಿನ ತಟ್ಟೆ ತಂದುಕೊಟ್ಟೆ. ವಿಚಾರಣೆ ನಡೆಯುತ್ತಿತ್ತು." ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಈ ಗಂಡಸು ಒಂದು ತಟ್ಟೆಯನ್ನು ಮೇಜಿನಿಂದ ತೊಟ್ಟಿಗೆ ಒಯ್ದವನಲ್ಲ. ನೋಲಾಗೆ ನಗು ಬರಬೇಕಿತ್ತು, ಬರಲಿಲ್ಲ. ಅವಳಿಗೆ ನೆವ್ ಪಾರ್ಟ್ರಿಡ್ಜ್ ನೆನಪಾಗಿದ್ದ.

ಆರು ವರ್ಷದ ಹಿಂದೆ ಕಂಬಿಯ ಆಚೆ ಕೂತು ಬ್ರೆಡ್ಡು ಮುರಿಯುತ್ತ ನೆವ್ ಅವಳಿಗೆ ಹೇಳಿದ್ದ, ತಾನು ಅನಾಥಾಶ್ರಮದಲ್ಲಿ ಬೆಳೆದವನು, ತಾಯಿಯ ಮುಖ ಕಂಡವನೇ ಅಲ್ಲ ಎಂದು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಕೋರ್ಟಿನಲ್ಲಿ 'ತಾಯಿಯ ಕೈಯಡುಗೆ' ಎಂದು ಓದಿದಾಗ ಹಿಗ್ಗಿ ಕಣ್ಣೊರೆಸಿಕೊಂಡಿದ್ದಳು. ಹೊಗಳಿಕೆ ಎಂಥ ಜಾಣೆಯನ್ನೂ ಪೆದ್ದಿ ಮಾಡುತ್ತದೆ. ಆದರೆ ಇಲ್ಲಿ ಪೆದ್ದುತನಕ್ಕೆ ಬೆಲೆ ತೆತ್ತವನು ಬೇರೊಬ್ಬ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂದು ಸಂಜೆ ಕ್ಲ್ಯಾರಿ ಬೂಟು ಬಿಚ್ಚುತ್ತಿದ್ದಾಗ ಕೇಳಿದಳು. "ಯಾಕೆ ಹಾಗಂದೆ?"

"ಏನು?"

"ತಟ್ಟೆ ತಂದುಕೊಟ್ಟೆ ಅಂತ. ಚಾಪ್ಸ್ ಅಂತ. ಗುಡ್ ಫ್ರೈಡೇ ದಿನ ನನ್ನ ಒಲೆ ಮೇಲೆ ಚಾಪ್ಸ್ ಇತ್ತಾ ಕ್ಲ್ಯಾರಿ?"

ಅವನ ಕೈ ಬೂಟಿನ ಲೇಸಿನ ಮೇಲೆ ನಿಂತಿತು. ಅವನಿಗೂ ಅದು ಹೊಳೆದಿರಲಿಲ್ಲ. ಟೆನಾಂಟ್ ಬರೆದುಕೊಟ್ಟದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ, ಅಷ್ಟೆ. ಟೆನಾಂಟ್‌ಗೆ ಶುಕ್ರವಾರವೂ ಒಂದೇ, ಸೋಮವಾರವೂ ಒಂದೇ. ವಿಲ್ಗಾರಾ ಎಂದರೆ ಚಾಪ್ಸ್, ಕೈಗೆ ಬಂದದ್ದನ್ನು ಬರೆದಿದ್ದ.

"ನೋಡು ನೋಲಾ," ಕ್ಲ್ಯಾರಿ ಕೊನೆಗೆ ಅಂದ, "ನವೆಂಬರಿಗೆ ನನ್ನ ನೌಕರಿ ಮುಗಿಯುತ್ತೆ. ಅಲ್ಲೀವರೆಗೆ ಮನೆ, ಆಮೇಲೆ ಪಿಂಚಣಿ. ಟೆನಾಂಟ್ ಒಂದು ಮಾತು ಹೇಳಿದ್ರೆ ಎರಡೂ ಇಲ್ಲ. ಅಷ್ಟೇ ಆದ್ರೆ ಪುಣ್ಯ. ಆ ಕೆರೇಲಿ ಸಿಕ್ಕಿದವನಿಗೂ ಬಾಯಿ ಇತ್ತು ಕಣೇ."

"ಕೆವ್ ಕೊಂದ ಅಂತೀಯಾ?"

"ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ."

"ಗೊತ್ತಿಲ್ಲ. ಆದ್ರೆ ಕೊಂದೆ ಅಂತ ಅವನು ಹೇಳ್ಲಿಲ್ಲ, ಅದು ಗೊತ್ತು. ಅದಕ್ಕೇ ಅವನಿಗೆ ಜೀವಾವಧಿ ಆಗುತ್ತಲ್ಲೋ."

"ನಿನ್ನನ್ನ ಯಾರೂ ಕೇಳಿಲ್ಲ. ಕೇಳದೆ ಹೇಳೋಕೆ ಹೋಗ್ಬೇಡ." ಅವನು ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚದೆಯೇ ಠಾಣೆಗೆ ಹೋದ.

ಮೂರನೆಯ ದಿನ ಬೆಳಿಗ್ಗೆ ಟೆನಾಂಟ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕರೆಯದೆ ಒಳಗೆ ಬಂದು ಕುರ್ಚಿ ಎಳೆದು ಕೂತ. ಕ್ಲ್ಯಾರಿಯೇ ಹೇಳಿರಬೇಕು, ಅಥವಾ ಕ್ಲ್ಯಾರಿಯ ಮುಖವೇ ಹೇಳಿರಬೇಕು. ಬೂದು ಸೂಟು, ಚೆನ್ನಾಗಿ ಕತ್ತರಿಸಿದ ಉಗುರು, ಮೆಲುದನಿ.

"ಸ್ಕೋನ್ ವಾಸನೆ ರಸ್ತೆವರೆಗೂ ಬರ್ತಿದೆ ಮಿಸೆಸ್ ಹೆಗಾರ್ಟಿ. ಒಂದು ಕೊಡಲ್ವಾ?"

ಅವಳು ಕೊಟ್ಟಳು. ಅವನು ಆ ಬಿಸಿ ಬನ್ನಿಗೆ ಬೆಣ್ಣೆ ಸವರಿ ನಿಧಾನ ತಿಂದ.

"ಕ್ಲ್ಯಾರಿ ಒಳ್ಳೆ ಮನುಷ್ಯ. ಇನ್ನಾರು ತಿಂಗಳು, ಆಮೇಲೆ ಮೀನು ಹಿಡಿಯೋದು, ಮೊಮ್ಮಕ್ಕಳನ್ನ ಆಡಿಸೋದು. ನಿಮ್ಮ ಮಗಳು ಸಿಡ್ನಿಲಿ ಇದಾಳಲ್ವಾ? ಮ್ಯಾರಿಯನ್. ಆಸ್ಪತ್ರೆ ನರ್ಸು. ಕೆಲಸ ಮುಗಿಸಿ ಒಬ್ಬಳೇ ಬಸ್‌ಸ್ಟಾಪಿಗೆ ನಡ್ಕೊಂಡು ಹೋಗ್ತಾಳೆ ಪಾಪ. ಆ ಬೀದಿ ಅಷ್ಟು ಒಳ್ಳೇದಲ್ಲ. ನಾನು ನಮ್ಮ ಹುಡುಗರಿಗೆ ಒಂದು ಕಣ್ಣಿಡಿ ಅಂತ ಹೇಳಿದೀನಿ."

ನೋಲಾ ಒಲೆಯ ಕಡೆ ತಿರುಗಿ ನಿಂತಳು. ಒಲೆಯ ಕಂಬಿಯನ್ನು ಬಿಗಿಯಾಗಿ ಹಿಡಿದಳು.

"ನೀವು ಅಡುಗೇಲಿ ಗಟ್ಟಿಗಿತ್ತಿ" ಎನ್ನುತ್ತ ಅವನು ಎದ್ದ. "ಯಾವ ದಿನ ಏನು ಬೇಯಿಸಿದ್ರಿ ಅನ್ನೋದೆಲ್ಲ ಯಾರು ನೆನಪಿಟ್ಕೋತಾರೆ ಹೇಳಿ. ನನ್ನ ಹೆಂಡ್ತಿಗೆ ನಿನ್ನೇದೇ ನೆನಪಿರಲ್ಲ."

ಅವನ ಕಾರು ಹೋದ ಮೇಲೆ ನೋಲಾ ಮಗಳಿಗೆ ಫೋನು ಮಾಡಿ, ರಜೆ ಹಾಕಿ ಮೆಲ್ಬರ್ನಿನ ಚಿಕ್ಕಮ್ಮನ ಮನೆಗೆ ಹೋಗು, ಕಾರಣ ಕೇಳಬೇಡ ಎಂದಳು. ಆಮೇಲೆ ಮೂರು ವಾರ ಬಾಯಿ ಹೊಲಿದುಕೊಂಡಿದ್ದಳು. ಅವಳು ಧೈರ್ಯವಂತೆ ಎಂದು ಊರಿನವರು ಆಮೇಲೆ ಹಾಡಿ ಹೊಗಳಿದ್ದುಂಟು, ಅದೆಲ್ಲ ಸುಳ್ಳು. ಆ ಮೂರು ವಾರ ಅವಳು ಹೆದರಿ ಹಿಡಿಯಷ್ಟಾಗಿದ್ದಳು. ಅಂಗಳಕ್ಕೆ ಯಾವ ಕಾರು ಬಂದರೂ ಕೈಯಲ್ಲಿದ್ದುದನ್ನು ಕೆಳಗೆ ಬೀಳಿಸುತ್ತಿದ್ದಳು. ಆದರೆ ಲಾಕಪ್ಪಿಗೆ ಹೊಸದಾಗಿ ಬಂದ ಒಬ್ಬ ಕುಡುಕ, ಒಂದು ಮಧ್ಯಾಹ್ನ, "ಚಾಪ್ಸ್ ಚೆನ್ನಾಗಿದೆ ಮಿಸೆಸ್" ಎಂದಾಗ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೊದಲ ಬಾರಿಗೆ ಚಾಕು ಚಮಚ ವಾಪಸು ಪಡೆಯದೆ ಹೊರಬಿದ್ದಳು. ಏಪ್ರನ್ ಬಿಚ್ಚಿ, ಚರ್ಚಿಗೆ ಹಾಕುವ ಟೋಪಿ ಇಟ್ಟುಕೊಂಡು, ಮುಖ್ಯರಸ್ತೆ ದಾಟಿ, ಕೆವ್‌ನ ವಕೀಲೆ ಕೇಸಿನ ಕೆಲಸಕ್ಕೆ ಬಂದು ಇಳಿದುಕೊಂಡಿದ್ದ ಹೋಟೆಲಿನ ಮೆಟ್ಟಿಲು ಹತ್ತಿದಳು. ಬ್ಯಾಂಕಿನ ಕಿಟಕಿ, ಕಟುಕನ ಅಂಗಡಿ, ಕ್ಷೌರದಂಗಡಿ, ಎಲ್ಲ ಕಡೆಯಿಂದಲೂ ಜನ ನೋಡಿದರು. ಅವಳು ಕೆಳಗಿಳಿಯುವಷ್ಟರಲ್ಲಿ ಕ್ಲ್ಯಾರಿಗೆ ಸುದ್ದಿ ಮುಟ್ಟಿತ್ತು.

ಅವನು ಬೈಯಲಿಲ್ಲ. ತನ್ನ ಹಾಸಿಗೆಯನ್ನು ಹಿಂದಿನ ವರಾಂಡಕ್ಕೆ ಒಯ್ದ.

ಆಗಸ್ಟಿನಲ್ಲಿ ಜಿಲ್ಲಾ ಕೇಂದ್ರದಲ್ಲಿ, ಹನ್ನೆರಡು ಜನರ ಜ್ಯೂರಿಯ ಮುಂದೆ ಕೇಸು ನಡೆಯಿತು. ಕ್ಲ್ಯಾರಿ ಡಿಟೆಕ್ಟಿವರ ಕಾರಿನಲ್ಲಿ ಹೋದ, ನೋಲಾ ಬಸ್ಸಿನಲ್ಲಿ ಹೋದಳು. ಮೊದಲ ದಿನವೇ ಕ್ಲ್ಯಾರಿ ಬೈಬಲ್ ಮುಟ್ಟಿ ತಟ್ಟೆಯ ಕಥೆ ಮತ್ತೆ ಹೇಳಿದ. ಗುಡ್ ಫ್ರೈಡೇ ವಿಷಯ ವಕೀಲೆ ಎತ್ತಿದಾಗ, "ಆ ವರ್ಷ ಮಾಂಸ ಮಾಡಿದ್ದಳು. ಅವಳಿಗೆ ಈಚೆಗೆ ನರದ ತೊಂದರೆ, ಮರೆವು" ಎಂದ. ಮಾತು ಅವನದು, ಬರೆದುಕೊಟ್ಟವನು ಟೆನಾಂಟ್. ತನ್ನ ಸಾಕ್ಷಿಯ ಸರದಿ ಕಾಯುತ್ತ ಹೊರಗೆ ಬೆಂಚಿನ ಮೇಲೆ ಕೂತಿದ್ದ ನೋಲಾಗೆ ಅದನ್ನು ಕೇಳುವ ಅವಕಾಶವಿರಲಿಲ್ಲ. ಮರುದಿನ ಕಟಕಟೆಯಲ್ಲಿ ನಿಂತಾಗ ಸರ್ಕಾರಿ ವಕೀಲನೇ ಅವಳಿಗೆ ಅದನ್ನು ಓದಿ ಹೇಳಿದ.

ಅವಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ಗಂಡನನ್ನು ನೋಡಿದಳು. ಅವನು ತನ್ನ ಟೋಪಿ ನೋಡಿಕೊಳ್ಳುತ್ತಿದ್ದ.

"ಇಪ್ಪತ್ತೆರಡು ವರ್ಷದಿಂದ ಕೈದಿಗಳಿಗೆ ಅಡುಗೆ ಮಾಡಿದ್ದೀರಿ" ಎಂದ ವಕೀಲ, ನಯವಾಗಿ. "ಎಲ್ಲ ತಟ್ಟೆಗಳೂ ನೆನಪಿವೆಯೆ?"

"ಇಲ್ಲ."

"ಇದೊಂದು ಮಾತ್ರ ನೆನಪಿದೆ."

"ಗುಡ್ ಫ್ರೈಡೇ ವರ್ಷಕ್ಕೆ ಒಂದೇ ಬರೋದು ಸ್ವಾಮಿ. ಅವತ್ತು ಮಾಂಸ ಬೇಯಿಸಿದ್ರೆ ನನಗೆ ಸಾಯೋವರೆಗೂ ನೆನಪಿರ್ತಿತ್ತು."

ಜ್ಯೂರಿಯಲ್ಲಿದ್ದ ಒಬ್ಬ ದಪ್ಪ ಹೆಂಗಸು ತಲೆಯಾಡಿಸಿದಳು. ವಕೀಲ ಅದನ್ನು ನೋಡಿದ. ಅವನ ದನಿ ಬಿಗಿಯಾಯಿತು. "ಹಾಗಾದರೆ ನಿಮ್ಮ ಗಂಡ, ಮೂವತ್ತು ವರ್ಷ ಸೇವೆ ಸಲ್ಲಿಸಿದ ಸಾರ್ಜೆಂಟ್, ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದ್ದಾರೆಯೆ? ಹೌದೋ ಅಲ್ಲವೋ?"

ಅವಳು ಕಟಕಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದಳು. 'ತಪ್ಪು ತಿಳಿದಿರಬೇಕು' ಎಂದರೆ ಸಾಕಿತ್ತು. ಗಂಡ ಉಳಿಯುತ್ತಿದ್ದ, ಆದರೆ ಆ ಸಂದಿಯಲ್ಲಿ ಚಾಪ್ಸೂ ಉಳಿಯುತ್ತಿತ್ತು, ಚಾಪ್ಸಿನ ಜೊತೆಗೆ ಇಡೀ ತಪ್ಪೊಪ್ಪಿಗೆಯೂ.

"ಹೌದು, ಸುಳ್ಳು ಹೇಳಿದಾರೆ" ಎಂದಳು. "ಹೆದರಿ ಹೇಳಿದಾರೆ. ನನಗೂ ಅಷ್ಟೇ ಹೆದರಿಕೆ ಇದೆ."

ಜ್ಯೂರಿ ಎರಡು ಗಂಟೆಯಲ್ಲಿ ವಾಪಸು ಬಂತು. ಕೊಲೆಯ ಆರೋಪದಿಂದ ಕೆವ್ ಬಿಡುಗಡೆಯಾದ. ಟೈರು ಕದ್ದದ್ದಕ್ಕೆ ನಾಲ್ಕು ತಿಂಗಳ ಶಿಕ್ಷೆಯಾಗಿತ್ತು, ಅದನ್ನು ಆಗಲೇ ಅನುಭವಿಸಿ ಮುಗಿಸಿದ್ದ. ಮೆಟ್ಟಿಲ ಮೇಲೆ ನೋಲಾಳ ಎದುರು ನಿಂತು ಏನೋ ಹೇಳಲು ಬಾಯಿ ತೆರೆದ, ಆಗದೆ ಅತ್ತ. ಅಷ್ಟು ದೊಡ್ಡ ಬಾಯಿಯವನು ಅತ್ತದ್ದನ್ನು ನೋಡಿ ಅವಳಿಗೂ ಅಳು ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೋರ್ಟಿನಲ್ಲಿ ಬಯಲಾದ ಸುಳ್ಳಿಗೆ ಯಾರಾದರೂ ತಲೆ ಕೊಡಬೇಕಲ್ಲ. ಲ್ಯಾಟಿಮರನನ್ನು ಕೊಂದವರನ್ನು ಯಾರೂ ಹುಡುಕಲಿಲ್ಲ. ಊಟದ ವಿಷಯವನ್ನು ಸ್ಥಳೀಯ ಸಾರ್ಜೆಂಟ್ ಹೇಳಿದಂತೆ ಬರೆದುಕೊಂಡೆವು ಎಂದು ಟೆನಾಂಟ್ ಮೇಲಧಿಕಾರಿಗಳಿಗೆ ತಿಳಿಸಿದ. ಮೇಲಧಿಕಾರಿಗಳು ಒಪ್ಪಿದರು. ಆ ವರ್ಷವೇ ಅವನಿಗೆ ಬಡ್ತಿ ಸಿಕ್ಕಿತು. ಸುಳ್ಳುಸಾಕ್ಷಿಯ ಮೊಕದ್ದಮೆ ಬಿದ್ದದ್ದು ಕ್ಲ್ಯಾರಿಯೊಬ್ಬನ ಮೇಲೆ. ನವೆಂಬರಿಗೆ ಹನ್ನೊಂದು ದಿನ ಇರುವಾಗ ಅವನನ್ನು ಕೆಲಸದಿಂದ ತೆಗೆದರು. ಇದನ್ನು ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಗಂಡಹೆಂಡಿರು ರೈಲು ನಿಲ್ದಾಣದ ಹಿಂದಿನ ಎರಡು ಕೋಣೆಯ ಮನೆಗೆ ಬಂದರು. ಅಲ್ಲಿಯೂ ಕ್ಲ್ಯಾರಿ ಬೇರೆ ಮಲಗುತ್ತಿದ್ದ. ಜನವರಿಯಲ್ಲಿ ನೋಲಾಳ ಹೆಸರಿಗೆ ಸರ್ಕಾರದ ಕಾಗದ ಬಂತು. ಗಂಡನ ವಿರುದ್ಧ ಸಾಕ್ಷಿ ಹೇಳಲೇಬೇಕೆಂದು ಕಾನೂನು ಹೆಂಡತಿಯನ್ನು ಬಲವಂತ ಮಾಡುವುದಿಲ್ಲ, ಇಷ್ಟವಿದ್ದರೆ ಹೇಳಬಹುದು, ಹದಿನಾಲ್ಕು ದಿನದೊಳಗೆ ತಿಳಿಸಿ. ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಕ್ಲ್ಯಾರಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಹೋಗ್ತೀಯಾ?" ಎಂದ.

"ಗೊತ್ತಿಲ್ಲ."

"ಹೋಗ್ತೀಯ. ನಿನ್ನ ನಾನು ಬಲ್ಲೆ. ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿ, ಮನೆಗೆ ಬಂದು ಸಾಯ್ತೀಯ."

ಅವನು ಹೇಳಿದ್ದು ನಿಜವೇ ಎಂದು ಅವಳಿಗೂ ತಿಳಿಯದು. ಹದಿಮೂರು ದಿನ ಕಾಗದ ಅಲ್ಲೇ, ಉಪ್ಪಿನ ಡಬ್ಬಿಯ ಕೆಳಗಿತ್ತು. ಇಬ್ಬರೂ ಅದರ ಎರಡು ಬದಿಗೆ ಕೂತು ಉಂಡರು.

ಹದಿನಾಲ್ಕನೆಯ ದಿನ ಬೆಳಿಗ್ಗೆ ನೋಲಾ ಎದ್ದು ಬರುವಾಗ ಕ್ಲ್ಯಾರಿ ಮುಖ ಕ್ಷೌರ ಮಾಡಿಕೊಂಡು ಮೇಜಿನ ಮುಂದೆ ಕೂತು ಬರೆಯುತ್ತಿದ್ದ. ಆರು ಹಾಳೆಯಾಗಿತ್ತು. ಟೆನಾಂಟ್ ಯಾವಾಗ ಬಂದದ್ದು, ಯಾವಾಗ ಹೋದದ್ದು, ನೋಟ್‌ಬುಕ್ಕಿಗೆ ಯಾರು ಏನು ಹೇಳಿ ಬರೆಸಿದರು, ತನ್ನ ಹೆಂಡತಿಗೆ ನರದ ತೊಂದರೆ ಇಲ್ಲ, ಎಂದೂ ಇರಲಿಲ್ಲ. ನೆವ್ ಪಾರ್ಟ್ರಿಡ್ಜನ ಹೇಳಿಕೆಗೂ ತಾನು ಹೀಗೆಯೇ ಸಾಕ್ಷಿ ಹಾಕಿದ್ದೆನೆಂದು ಕೊನೆಯ ಹಾಳೆಯಲ್ಲಿತ್ತು. ಅದನ್ನು ಅವನಲ್ಲಿ ಯಾರೂ ಕೇಳಿರಲಿಲ್ಲ.

ನೋಲಾ ನಿಂತುಕೊಂಡೇ ಪೂರ್ತಿ ಓದಿದಳು. "ಇಷ್ಟಕ್ಕೆ ನಿನ್ನ ಒಳಗೆ ಹಾಕ್ತಾರೆ ಕ್ಲ್ಯಾರಿ" ಎಂದಳು.

"ಹಾಕ್ಲಿ."

ಅವನು ಹಾಳೆಗಳನ್ನು ವಾಪಸು ತೆಗೆದುಕೊಂಡು, ಒಂದೊಂದರ ಕೆಳಗೂ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಆರನೆಯದು ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿದ.

"ಇನ್ನು ಸಾಕ್ಷಿಗೆ ನಿನ್ನನ್ನ ಯಾರೂ ಕರೆಯಲ್ಲ" ಎಂದ.